ಯಾರ ಕೈ, ಯಾರ ತಲೆ: ಕ್ರೈಸ್ತ ಸಭೆಗಳ ಒಡಕು ಮತ್ತು ಐಕ್ಯ



ಕ್ರೈಸ್ತ ಪಂಗಡಗಳ ಇತಿಹಾಸ ಮತ್ತು ನಂಬಿಕೆಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಹೇಳಿದ್ದಾರೆ. ಎರಡು ಸಾವಿರ ವರ್ಷದ ಕಥೆಯನ್ನು ಒಂದು ಉಪನ್ಯಾಸಕ್ಕೆ ಇಳಿಸಲು ಸುಲಭದ ದಾರಿಯೊಂದಿದೆ. ಪಂಗಡ ಹುಟ್ಟಿದ ವರ್ಷ, ಹುಟ್ಟುಹಾಕಿದವನ ಹೆಸರು, ನಂಬುವ ನಾಲ್ಕು ಸಂಗತಿ ಎಂದು ಒಂದಾದಮೇಲೊಂದು ಓದಿಬಿಡುವುದು. ಹಾಗೆ ಓದಿದರೆ ನಿಮಗೆ ಪರೀಕ್ಷೆಗೆ ಟಿಪ್ಪಣಿ ಸಿಕ್ಕೀತು, ಒಡಕು ಏಕಾಯಿತು ಎನ್ನುವುದು ತಿಳಿಯದು. ನಾನು ನಮ್ಮ ಬ್ರಹ್ಮಾವರದಿಂದ ಶುರುಮಾಡುತ್ತೇನೆ.

ಉಡುಪಿಯಿಂದ ಕುಂದಾಪುರದ ಕಡೆ ಹೊರಟರೆ ಸಿಗುವ ಬ್ರಹ್ಮಾವರದಲ್ಲಿ, ಮನೆಯಲ್ಲಿ ಕೊಂಕಣಿ ಆಡುವ, ಗೋವೆಯಿಂದ ತಂದ ಪೋರ್ಚುಗೀಸ್ ಅಡ್ಡಹೆಸರುಗಳನ್ನು ಉಳಿಸಿಕೊಂಡ ಒಂದು ಕ್ರೈಸ್ತ ಸಮುದಾಯವಿದೆ. ಮೇಲ್ನೋಟಕ್ಕೆ ಮಂಗಳೂರಿನ ಕಥೊಲಿಕರಿಗೂ ಇವರಿಗೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಇವರು ಕಥೊಲಿಕರಲ್ಲ. ಪೋಪರ ಅಧಿಕಾರವನ್ನು ಒಪ್ಪದ ಸಿರಿಯನ್ ಆರ್ಥೊಡಾಕ್ಸ್ ಸಭೆಯವರು. ಇದು ಹೇಗಾಯಿತು?

ಪೂರ್ವದೇಶಗಳಲ್ಲಿ ಬಿಷಪರನ್ನು ಹೆಸರಿಸುವ ಹಕ್ಕನ್ನು ಪೋರ್ಚುಗಲ್‌ನ ದೊರೆಗಳು ಪೋಪರಿಂದ ಪಡೆದುಕೊಂಡಿದ್ದರು. ಆ ವ್ಯವಸ್ಥೆಗೆ ಪದ್ರುವಾದೊ ಎಂದು ಹೆಸರು. 1622ರಲ್ಲಿ ರೋಮ್ ಪ್ರೊಪಗಾಂದಾ ಎಂಬ ತನ್ನದೇ ಧರ್ಮಪ್ರಸಾರದ ಇಲಾಖೆ ತೆರೆಯಿತು. ಅಲ್ಲಿಂದ ಮುಂದೆ ಒಂದೇ ಸೀಮೆಯ ಇಗರ್ಜಿಗಳ ಮೇಲೆ ಇಬ್ಬರು ಯಜಮಾನರು. 1886ರಲ್ಲಿ ಪೋರ್ಚುಗಲ್ಲಿಗೂ ರೋಮಿಗೂ ಒಪ್ಪಂದವಾಗಿ ಗೋವೆಯ ಹೊರಗಿನ ಎಷ್ಟೋ ಇಗರ್ಜಿಗಳು ಪದ್ರುವಾದೊ ಕೈತಪ್ಪಿ ಹೋದವು. ಇದರಿಂದ ಸಿಟ್ಟಾದವರಲ್ಲಿ ಗೋವೆಯ ಪಾದ್ರಿ, ಪತ್ರಿಕೆಗಳನ್ನು ನಡೆಸುತ್ತಿದ್ದ ಆಂತೋನಿಯೊ ಆಲ್ವಾರಿಸ್ ಒಬ್ಬರು. ಅವರು 1889ರಲ್ಲಿ ಕೊಟ್ಟಾಯಂಗೆ ಹೋಗಿ ಕೇರಳದ ಸಿರಿಯನ್ ಆರ್ಥೊಡಾಕ್ಸರಾದ ಮಲಂಕರ ಸಭೆಯ ಬಿಷಪರ ಕೈಯಿಂದ ಅಭಿಷೇಕ ಪಡೆದು ಮಾರ್ ಜೂಲಿಯಸ್ ಎಂಬ ಹೆಸರಿನ ಮೆಟ್ರೊಪಾಲಿಟನ್ ಆದರು. ಬ್ರಹ್ಮಾವರದ ಫಾದರ್ ನೊರೊನ್ಹಾ ಮತ್ತು ಅವರನ್ನು ನಂಬಿದ ಮನೆಗಳು ಆಲ್ವಾರಿಸರ ಹಿಂದೆ ಹೋದವು.

ಕಥೊಲಿಕ ಮತ್ತು ಸಿರಿಯನ್ ಸಭೆಗಳ ನಡುವೆ ಪುಸ್ತಕದಲ್ಲಿ ಬರೆದಿಟ್ಟ ತತ್ತ್ವಭೇದ ಒಂದಿದೆ. 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ ಕೂಡಿದ ಮಹಾಸಭೆ, ಕ್ರಿಸ್ತ ಒಬ್ಬನೇ ವ್ಯಕ್ತಿ, ಆದರೆ ಅವನಲ್ಲಿ ದೈವ ಮತ್ತು ಮಾನುಷ ಎಂಬ ಎರಡು ಸ್ವಭಾವಗಳಿವೆ ಎಂದು ಸಾರಿತು. ರೋಮ್ ಇದನ್ನು ಒಪ್ಪಿತು. ಈಜಿಪ್ಟಿನ ಕಾಪ್ಟಿಕ್, ಸಿರಿಯಾ, ಆರ್ಮೇನಿಯಾ, ಇಥಿಯೋಪಿಯಾ ಸಭೆಗಳು ಒಪ್ಪಲಿಲ್ಲ. ಎರಡೂ ಬೆರೆಯದೆ, ಬದಲಾಗದೆ ಕೂಡಿ ಒಂದೇ ಸ್ವಭಾವವಾಯಿತು, ಅದನ್ನು ಬಿಡಿಸಿ ಎಣಿಸಬಾರದು ಎಂದವು. ಬ್ರಹ್ಮಾವರದ ಗೇಣಿ ಒಕ್ಕಲು 1889ರಲ್ಲಿ ಈ ವಾದವನ್ನು ಕೂಲಂಕಷವಾಗಿ ತೂಗಿ ಸಿರಿಯಾದ ಪಕ್ಷ ಸೇರಿದನೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆ ಜನ ಜಗಳವಾಡಿದ್ದು ತಮಗೆ ಪಾದ್ರಿಯನ್ನು ಕೊಡುವವರು ಯಾರು ಎಂಬುದಕ್ಕೆ.

ಇವತ್ತಿನ ನನ್ನ ವಾದವೂ ಇದೇ. ಕ್ರೈಸ್ತ ಸಭೆಗಳು ತತ್ತ್ವಕ್ಕಾಗಿ ವಾದ ಮಾಡಿವೆ, ತತ್ತ್ವಕ್ಕಾಗಿ ಜನ ಸತ್ತೂ ಇದ್ದಾರೆ. ಆದರೆ ಒಡಕನ್ನು ಶತಮಾನಗಟ್ಟಲೆ ಉಳಿಸಿಕೊಂಡು ಬಂದದ್ದು ಅಧಿಕಾರದ ಪ್ರಶ್ನೆ. ಒಬ್ಬನ ತಲೆಯ ಮೇಲೆ ಕೈಯಿಟ್ಟು ಅವನನ್ನು ಸಭೆಯ ಸೇವೆಗೆ ನೇಮಿಸುವ ಹಕ್ಕು ಯಾರದು? ಆ ಹಕ್ಕು ಕೈಯಿಟ್ಟವನಿಗೆ ಎಲ್ಲಿಂದ ಬಂತು?

ಮೊದಲು ಒಂದು ಎಚ್ಚರಿಕೆ. ಒಡಕುಗಳ ಕಥೆ ಕೇಳುತ್ತ ಕೇಳುತ್ತ ಇವರಿಗೆಲ್ಲ ಸಮಾನವಾದದ್ದು ಏನೂ ಇಲ್ಲವೇನೋ ಅನ್ನಿಸಬಹುದು. ಇದೆ. ಅಲೆಕ್ಸಾಂಡ್ರಿಯದ ಆರಿಯಸ್ ಎಂಬ ಪಾದ್ರಿ, ಮಗನಾದ ಕ್ರಿಸ್ತ ತಂದೆಯಿಂದ ಸೃಷ್ಟಿಯಾದವನು, ತಂದೆಗೆ ಸಮನಲ್ಲ ಎಂದು ಬೋಧಿಸಿದಾಗ, ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಇಂದಿನ ಟರ್ಕಿಯ ನೈಸಿಯಾದಲ್ಲಿ ಬಿಷಪರನ್ನು ಸೇರಿಸಿದ. ಮಗನೂ ತಂದೆಯೂ ಒಂದೇ ಸತ್ತ್ವದವರು ಎಂದು ಅಲ್ಲಿ ತೀರ್ಮಾನವಾಯಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದು ತುಂಬಿಕೊಂಡು ಬೆಳೆಯಿತು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರು, ಕನ್ಯೆಯಲ್ಲಿ ಹುಟ್ಟಿ ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದ ಕ್ರಿಸ್ತ, ಸತ್ತವರ ಪುನರುತ್ಥಾನ: ಈ ವಿಶ್ವಾಸಪ್ರಮಾಣವನ್ನು ಕಥೊಲಿಕರು, ಆರ್ಥೊಡಾಕ್ಸರು, ಲೂಥರನರು, ಆಂಗ್ಲಿಕನ್ನರು ಎಲ್ಲರೂ ಹೇಳುತ್ತಾರೆ. ಬಾಪ್ಟಿಸ್ಟರಂಥ ಕೆಲವರು ಬರೆದಿಟ್ಟ ಪ್ರಮಾಣವನ್ನು ಬಾಯಲ್ಲಿ ಹೇಳುವ ರೂಢಿ ಇಟ್ಟುಕೊಂಡಿಲ್ಲ, ಆದರೂ ಅದರೊಳಗಿನ ನಂಬಿಕೆ ಅವರದೂ ಹೌದು. ಜೀವ ಬೇರೆ, ಬ್ರಹ್ಮ ಬೇರೆ ಎಂದು ಮಧ್ವಾಚಾರ್ಯರು ವಾದ ಹೂಡಿದ ಸೀಮೆಯ ನಮಗೆ, ಸ್ವಭಾವ ಒಂದೋ ಎರಡೋ ಎಂದು ಪಂಡಿತರು ತಲೆ ಒಡೆದುಕೊಂಡದ್ದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

ಕ್ಯಾಲ್ಸಿಡನ್‌ಗೆ ಮೊದಲೇ, 431ರಲ್ಲಿ, ಎಫೆಸಸ್‌ನಲ್ಲಿ ಮತ್ತೊಂದು ಒಡಕಾಗಿತ್ತು. ಮರಿಯಳನ್ನು ದೇವಮಾತೆ ಎಂದು ಕರೆಯಲು ಒಪ್ಪದ ನೆಸ್ಟೋರಿಯಸ್‌ನನ್ನು ಅಲ್ಲಿ ಹೊರಹಾಕಿದರು. ಪರ್ಷಿಯದ ಪೂರ್ವಸಭೆ ಆ ತೀರ್ಮಾನದಿಂದ ದೂರ ಉಳಿಯಿತು. ಕೇರಳದ ತೋಮಾ ಕ್ರೈಸ್ತರು ಪೋರ್ಚುಗೀಸರು ಬರುವವರೆಗೂ ಬಿಷಪರನ್ನು ಪಡೆಯುತ್ತಿದ್ದದ್ದು ಈ ಪೂರ್ವಸಭೆಯಿಂದ. 1599ರ ಉದಯಂಪೇರೂರು ಸಭೆಯಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಅವರನ್ನು ರೋಮಿಗೆ ಕಟ್ಟಿದ. 1653ರಲ್ಲಿ ಅವರು ಮಟ್ಟಾಂಚೇರಿಯಲ್ಲಿ ಶಿಲುಬೆ ಮುಟ್ಟಿ ಆಣೆಯಿಟ್ಟು ರೋಮಿನ ಜೆಸ್ಯುಯಿಟ್ ಪಾದ್ರಿಗಳ ಹಿಡಿತದಿಂದ ಬಿಡಿಸಿಕೊಂಡರು. ಆಮೇಲೆ ರೋಮಿಗೆ ಮರಳದೆ ಉಳಿದವರಿಗೆ ಬಿಷಪರು ಬೇಕಿತ್ತು. 1665ರಲ್ಲಿ ಬಂದವರು ಸಿರಿಯಾದ ಅಂತಿಯೋಕಿಯ ಸಭೆಯವರು. ಐದನೆಯ ಶತಮಾನದ ಜಗಳದಲ್ಲಿ ಪರ್ಷಿಯದ ಸಭೆ ಒಂದು ತುದಿಯಾದರೆ ಸಿರಿಯಾದ ಈ ಸಭೆ ಇನ್ನೊಂದು ತುದಿ. ನಡುವೆ ರೋಮ್. ಒಂದೇ ಜನ ಎಪ್ಪತ್ತು ವರ್ಷದೊಳಗೆ ಮೂರು ನಿಲುವುಗಳನ್ನೂ ಹಾದುಬಂದರು. ಅವರ ಮನೆಯ ಪ್ರಾರ್ಥನೆ, ಮದುವೆ, ನೋಂಪಿಗಳಲ್ಲಿ ಅಷ್ಟು ದೊಡ್ಡ ತತ್ತ್ವಕ್ರಾಂತಿ ನಡೆದಿತ್ತೇ? ನನಗಂತೂ ಕಾಣುವುದಿಲ್ಲ.

ಇದಕ್ಕೆ ಇನ್ನೂ ಬಲವಾದ ಸಾಕ್ಷಿ ನಮ್ಮ ಕಾಲದ್ದು. 1973ರಲ್ಲಿ ಪೋಪ್ ಆರನೆಯ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೆಯ ಶೆನೂದಾ, 1984ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಮತ್ತು ಸಿರಿಯಾದ ಪೇಟ್ರಿಯಾರ್ಕ್ ಝಕ್ಕಾ, 1994ರಲ್ಲಿ ಅದೇ ಪೋಪ್ ಮತ್ತು ಪೂರ್ವಸಭೆಯ ಪೇಟ್ರಿಯಾರ್ಕ್ ಜಂಟಿ ಹೇಳಿಕೆಗಳಿಗೆ ಸಹಿ ಹಾಕಿದರು. ಕ್ರಿಸ್ತನ ಬಗ್ಗೆ ನಮ್ಮ ನಂಬಿಕೆ ಒಂದೇ, ಹೇಳುವ ಮಾತು ಬೇರೆಯಾಗಿತ್ತು ಎಂಬುದು ಅವುಗಳ ಸಾರ. ಸಾವಿರದ ಐನೂರು ವರ್ಷದ ವಾದ ಕಾಗದದ ಮೇಲೆ ಮುಗಿಯಿತು. ಸಭೆಗಳು ಮಾತ್ರ ಒಂದಾಗಲಿಲ್ಲ. ಪಾಲಾದ ಮನೆಯಲ್ಲಿ ಅಣ್ಣತಮ್ಮಂದಿರು ಮಾತಾಡತೊಡಗಿದರೂ ನಡುವಿನ ಗೋಡೆ ಬೀಳುವುದಿಲ್ಲವಲ್ಲ, ಹಾಗೆ.

1054ರ ಒಡಕನ್ನು ಬೇಗ ಹೇಳಿಬಿಡುತ್ತೇನೆ. ಪೋಪರ ದೂತ ಹಂಬರ್ಟ್ ಜುಲೈ 16ರಂದು ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದ ಬಲಿಪೀಠದ ಮೇಲೆ ಬಹಿಷ್ಕಾರದ ಪತ್ರ ಇಟ್ಟು ಹೊರಟುಹೋದ. ಪವಿತ್ರಾತ್ಮ ತಂದೆಯಿಂದ ಹೊರಡುತ್ತಾನೋ, ತಂದೆ ಮತ್ತು ಮಗನಿಂದಲೋ? ಬಲಿಪೂಜೆಯ ರೊಟ್ಟಿಗೆ ಹುಳಿ ಹಾಕಬೇಕೋ ಬೇಡವೋ? ಪಟ್ಟಿಯಲ್ಲಿ ಇವೆಲ್ಲ ಇದ್ದವು. ಎಲ್ಲದರ ಕೆಳಗಿದ್ದದ್ದು, ರೋಮಿನ ಬಿಷಪ್ ಎಲ್ಲ ಬಿಷಪರ ಮೇಲೆ ಆಳುವವನೋ, ಸಮಾನರಲ್ಲಿ ಮೊದಲನೆಯವನೋ ಎಂಬ ಪ್ರಶ್ನೆ. 1204ರಲ್ಲಿ ಪಶ್ಚಿಮದ ಧರ್ಮಯೋಧರು ಕಾನ್‌ಸ್ಟಾಂಟಿನೋಪಲನ್ನೇ ಲೂಟಿ ಮಾಡಿದ ಮೇಲೆ ಆ ಗಾಯ ಮಾಯುವುದು ದೂರದ ಮಾತಾಯಿತು. ಗ್ರೀಸ್, ರಷ್ಯಾ, ಸರ್ಬಿಯಾಗಳ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಮೊದಲ ಏಳು ಮಹಾಸಭೆಗಳನ್ನೇ ಪ್ರಮಾಣವೆಂದು ಹಿಡಿದು, ಮೂರ್ತಿಚಿತ್ರಗಳನ್ನು ಗೌರವಿಸುತ್ತ, ಮದುವೆಯಾದವರನ್ನೂ ಪಾದ್ರಿಗಳನ್ನಾಗಿ ಮಾಡುತ್ತ, ಪೋಪರಿಲ್ಲದೆ ನಡೆಯುತ್ತಿವೆ. 1965ರ ಡಿಸೆಂಬರ್ 7ರಂದು ಎರಡೂ ಕಡೆಯವರು ಹಳೆಯ ಬಹಿಷ್ಕಾರಗಳನ್ನು ಹಿಂತೆಗೆದುಕೊಂಡರು. ಗೋಡೆ ಅಲ್ಲೂ ಉಳಿದಿದೆ.

ಲೂಥರನ ಕಥೆ ನಿಮಗೆ ಗೊತ್ತಿದೆ ಎಂದುಕೊಂಡಿದ್ದೀರಿ. ಅದರ ಹಿಂದಿನ ಹಣದ ಲೆಕ್ಕ ಅಷ್ಟಾಗಿ ಪಠ್ಯಪುಸ್ತಕಕ್ಕೆ ಬರುವುದಿಲ್ಲ. ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಖ್ಟ್ ತನ್ನ ಪದವಿಗಾಗಿ ಫುಗ್ಗರ್ ಎಂಬ ಬ್ಯಾಂಕಿನ ಮನೆತನದಿಂದ ಸಾಲ ಮಾಡಿದ್ದ. ಅವನ ಸೀಮೆಯಲ್ಲಿ ಪಾಪವಿಮೋಚನಾ ಪತ್ರಗಳನ್ನು ಮಾರಿ ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೀಟರ್ ದೇವಾಲಯದ ಕಟ್ಟಡಕ್ಕೆ, ಅರ್ಧ ಆ ಸಾಲದ ತೀರುವಳಿಗೆ ಎಂದು ಏರ್ಪಾಡಾಯಿತು. ಮಾರುತ್ತಿದ್ದವನು ಟೆಟ್ಜೆಲ್. 1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗ್‌ನ ಸಂನ್ಯಾಸಿ ಪ್ರಾಧ್ಯಾಪಕ ಮಾರ್ಟಿನ್ ಲೂಥರ್ ತನ್ನ 95 ವಾದಸೂತ್ರಗಳನ್ನು ಕಳಿಸಿದ್ದು ಇದೇ ಆಲ್ಬ್ರೆಖ್ಟ್‌ಗೆ. ಮನುಷ್ಯನನ್ನು ದೇವರು ನೀತಿವಂತನೆಂದು ಎಣಿಸುವುದು ಅವನ ಪುಣ್ಯಕಾರ್ಯಗಳ ಲೆಕ್ಕದಿಂದಲ್ಲ, ನಂಬಿಕೆಯ ಮೂಲಕ ಸಿಗುವ ಕೃಪೆಯಿಂದ ಎಂಬುದು ಲೂಥರನ ಮುಖ್ಯ ಬೋಧೆ. 1521ರಲ್ಲಿ ವೋರ್ಮ್ಸ್‌ನಲ್ಲಿ ಚಕ್ರವರ್ತಿಯ ಮುಂದೆ ನಿಂತಾಗ ವಿಷಯ ಕೃಪೆಯನ್ನು ದಾಟಿ ಬೇರೆ ಕಡೆ ಹೋಗಿತ್ತು. ಪೋಪರೂ ಮಹಾಸಭೆಗಳೂ ತಪ್ಪಬಹುದು, ಶಾಸ್ತ್ರವಚನವೇ ಕೊನೆಯ ಪ್ರಮಾಣ ಎಂದು ಅವನು ನಿಂತುಬಿಟ್ಟ. ಮರುವರ್ಷ ಹೊಸ ಒಡಂಬಡಿಕೆ, 1534ರಲ್ಲಿ ಇಡೀ ಬೈಬಲ್ ಜರ್ಮನ್‌ನಲ್ಲಿ ಬಂತು.

ಶಾಸ್ತ್ರವೇ ಪ್ರಮಾಣವಾದರೆ ಅದರ ಅರ್ಥ ಹೇಳುವವರು ಯಾರು? ಈ ತೊಡಕು ಹನ್ನೆರಡು ವರ್ಷದೊಳಗೇ ಮುಖ ತೋರಿಸಿತು. 1529ರ ಅಕ್ಟೋಬರಿನಲ್ಲಿ ಹೆಸ್ಸೆಯ ಅರಸ ಫಿಲಿಪ್, ಮಾರ್ಬರ್ಗ್‌ನ ಕೋಟೆಯಲ್ಲಿ ಲೂಥರನನ್ನೂ ಜ್ಯೂರಿಕ್‌ನ ಜ್ವಿಂಗ್ಲಿಯನ್ನೂ ಎದುರುಬದುರು ಕೂರಿಸಿದ. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಹದಿನೈದನೆಯದು ಪ್ರಭುಭೋಜನ. ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆ ಎಂದು ಲೂಥರ್, ಅದು ಅವನ ನೆನಪಿಗೆ ಮಾಡುವ ಗುರುತು ಎಂದು ಜ್ವಿಂಗ್ಲಿ. ಇದು ನನ್ನ ದೇಹ ಎಂಬ ಕ್ರಿಸ್ತನ ಮಾತನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟು ಅಲ್ಲಿಂದ ಕದಲಲಿಲ್ಲ. ಪ್ರಾಟೆಸ್ಟಂಟ್ ಪಕ್ಷ ಒಂದಾಗುವ ಅವಕಾಶ ಆ ಮೇಜಿನ ಮೇಲೆ ಕೈತಪ್ಪಿತು. ಲೂಥರನ್ ಸಭೆ ಒಂದು ಕಡೆ, ಸ್ವಿಸ್ ಸುಧಾರಿತ ಸಭೆ ಇನ್ನೊಂದು ಕಡೆ ಹೋದವು. ಈ ಎರಡನೆಯದನ್ನು ಜಿನೀವಾದ ಕ್ಯಾಲ್ವಿನ್ ಬೆಳೆಸಿದ. ಎಲ್ಲದರ ಮೇಲೂ ದೇವರ ಸಾರ್ವಭೌಮತ್ವ, ರಕ್ಷಣೆ ಹೊಂದುವವರನ್ನು ದೇವರೇ ಮೊದಲಿಂದ ಆರಿಸಿರುತ್ತಾನೆ ಎಂಬ ನಂಬಿಕೆ, ಬಿಷಪರ ಬದಲು ಹಿರಿಯರ ಮಂಡಲಿಯ ಆಡಳಿತ: ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗೆ ಬಂದ ಆಸ್ತಿ ಇದು.

ಜ್ಯೂರಿಕ್‌ನಲ್ಲೇ ಇನ್ನೊಂದು ಸಂಗತಿ ನಡೆಯಿತು. ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ತಿಳಿವಳಿಕೆ ಬಂದು ನಂಬಿದವನಿಗೆ ಮಾತ್ರ ದೀಕ್ಷಾಸ್ನಾನ, ಕೂಸಿಗೆ ಕೊಟ್ಟದ್ದು ದೀಕ್ಷೆಯಲ್ಲ ಎಂದು 1525ರಲ್ಲಿ ಕೆಲವರು ಮತ್ತೆ ಸ್ನಾನ ಮಾಡಿಸಿಕೊಂಡರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು 1527ರ ಜನವರಿಯಲ್ಲಿ ನಗರಸಭೆ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದಿತು. ಕೊಂದವರು ಪೋಪರ ಕಡೆಯವರಲ್ಲ, ಸುಧಾರಕರೇ. ಮೆನೊನೈಟರು ಈ ಪರಂಪರೆಯವರು. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂಗ್ಲಿಷ್ ನಿರಾಶ್ರಿತ ಜಾನ್ ಸ್ಮಿತ್ ಕಟ್ಟಿದ ಸಭೆಯಿಂದ ಬಂದ ಬಾಪ್ಟಿಸ್ಟರೂ ನಂಬಿದವರ ದೀಕ್ಷೆಯನ್ನೇ ಹಿಡಿದರು. ಪ್ರತಿ ಊರ ಸಭೆಯೂ ಸ್ವತಂತ್ರ, ಮೇಲೆ ಬಿಷಪನೂ ಇಲ್ಲ, ದೊರೆಯೂ ಇಲ್ಲ. ಬಂಗಾಳಕ್ಕೆ 1793ರಲ್ಲಿ ಬಂದ ವಿಲಿಯಂ ಕೇರಿ ಬಾಪ್ಟಿಸ್ಟ್.

ಕಥೊಲಿಕ ಸಭೆ ಸುಮ್ಮನೆ ಕೂರಲಿಲ್ಲ. 1545ರಿಂದ 1563ರವರೆಗೆ ಟ್ರೆಂಟ್‌ನಲ್ಲಿ ಸೇರಿ ಪಾಪವಿಮೋಚನೆಯ ವ್ಯಾಪಾರ ನಿಲ್ಲಿಸಿ ತನ್ನ ನಿಲುವನ್ನು ಬಿಗಿಮಾಡಿತು. ಶಾಸ್ತ್ರದ ಜೊತೆಗೆ ಪರಂಪರೆಯೂ ಪ್ರಮಾಣ, ಸಂಸ್ಕಾರಗಳು ಏಳು, ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ದೇಹರಕ್ತಗಳಾಗಿ ಮಾರ್ಪಡುತ್ತವೆ. ಪೋಪರು ವಿಶ್ವಾಸ ಮತ್ತು ನೀತಿಯ ಬಗ್ಗೆ ಪೀಠದಿಂದ ಸಾರಿದಾಗ ತಪ್ಪುವುದಿಲ್ಲ ಎಂಬ ವಿಧಿ ಬಂದದ್ದು ಬಹಳ ತಡವಾಗಿ, 1870ರಲ್ಲಿ. ನಮ್ಮ ಇಗರ್ಜಿಗಳಲ್ಲಿ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೂ ಕೊಂಕಣಿಗೂ ತಿರುಗಿದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ.

ಇಂಗ್ಲೆಂಡಿನ ಕಥೆಯಲ್ಲಿ ತತ್ತ್ವ ಹಿಂದೆ, ದೊರೆ ಮುಂದೆ. 1534ರಲ್ಲಿ ಎಂಟನೆಯ ಹೆನ್ರಿ ತಾನೇ ಸಭೆಯ ಮುಖ್ಯಸ್ಥನಾದ. ಬಿಷಪರು ಉಳಿದರು, ಪೋಪರು ಹೋದರು. 1549ರ ಪ್ರಾರ್ಥನಾ ಪುಸ್ತಕ ಬಂದಮೇಲೆ ಆ ಸಭೆಗೆ ತನ್ನದೇ ಒಂದು ನಡುದಾರಿಯ ಸ್ವಭಾವ ಬಂತು. ಇದರೊಳಗೇ ಹುಟ್ಟಿದವನು ಜಾನ್ ವೆಸ್ಲಿ. ಅವನು ಸಾಯುವವರೆಗೂ ಆಂಗ್ಲಿಕನ್ ಪಾದ್ರಿಯೇ. ಗಣಿಗಾರರಿಗೆ ಬಯಲಲ್ಲಿ ಬೋಧಿಸಿದ. ಕೃಪೆ ಆರಿಸಿದ ಕೆಲವರಿಗಲ್ಲ, ಎಲ್ಲರಿಗೂ ತೆರೆದಿದೆ ಎಂದ, ಬದುಕು ಪವಿತ್ರವಾಗಬೇಕೆಂದ. ಇಷ್ಟಕ್ಕೆ ಯಾರೂ ಒಡೆಯುತ್ತಿರಲಿಲ್ಲ. ಸ್ವತಂತ್ರವಾದ ಅಮೆರಿಕಕ್ಕೆ ಪಾದ್ರಿಗಳನ್ನು ಕೊಡಲು ಬಿಷಪ್ ಒಪ್ಪದಿದ್ದಾಗ, 1784ರಲ್ಲಿ ವೆಸ್ಲಿ ತಾನು ಬಿಷಪನಲ್ಲದಿದ್ದರೂ ತಾನೇ ತಲೆಯ ಮೇಲೆ ಕೈಯಿಟ್ಟು ನೇಮಿಸಿದ. ಮೆಥಡಿಸ್ಟ್ ಸಭೆ ಬೇರೆಯಾದದ್ದು ಆ ಕೈಯಿಂದ.

ಪಂಡಿತೆ ರಮಾಬಾಯಿಯವರನ್ನು ಇಲ್ಲಿ ನೆನೆಯಬೇಕು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಘಟ್ಟದ ಗಂಗಾಮೂಲದಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಸಭೆಯಲ್ಲಿ ದೀಕ್ಷೆ ಪಡೆದರೂ ಅಲ್ಲಿಯ ಮಠದ ಸೋದರಿಯರ ಜೊತೆ ಪತ್ರಗಳಲ್ಲಿ ಪಟ್ಟುಹಿಡಿದು ವಾದಿಸಿದರು. ಒಂದು ಸಭೆಯ ಬಿಷಪ್ ಹೇಳಿದ್ದನ್ನೆಲ್ಲ ತಾನು ಏಕೆ ನಂಬಬೇಕು ಎಂಬುದು ಅವರ ತಕರಾರು. ಪಂಗಡಗಳ ಗುಂಪನ್ನು ಕಂಡು ಅವರು ದಿಕ್ಕೆಟ್ಟರು, ಯಾವುದಕ್ಕೂ ಕಟ್ಟುಬೀಳಲಿಲ್ಲ. ಪುಣೆಯ ಹತ್ತಿರದ ಕೇಡಗಾಂವ್‌ನ ಅವರ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ಪವಿತ್ರಾತ್ಮನ ಆವೇಶದ ಪ್ರಾರ್ಥನೆಗಳು ನಡೆದವು. ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಕರಿಯ ಬೋಧಕ ವಿಲಿಯಂ ಸೀಮೋರ್ ನೇತೃತ್ವದಲ್ಲಿ ಪೆಂಟೆಕೋಸ್ಟಲ್ ಚಳವಳಿ ಹೊತ್ತಿಕೊಂಡದ್ದು ಮರುವರ್ಷ. ಅನ್ಯಭಾಷೆಗಳಲ್ಲಿ ಮಾತಾಡುವುದು, ರೋಗ ಗುಣಪಡಿಸುವುದು ಇವೆಲ್ಲ ಆತ್ಮನ ವರಗಳು, ಇಂದಿಗೂ ಸಿಗುತ್ತವೆ ಎಂಬುದು ಈ ಸಭೆಗಳ ನಂಬಿಕೆ. ಆತ್ಮನೇ ನೇರ ನೇಮಿಸಿದ ಮೇಲೆ ಬಿಷಪನ ಕೈ ಯಾಕೆ? ಅವು ಇಷ್ಟು ಬೇಗ ಹಬ್ಬಲು ಇದೂ ಒಂದು ಕಾರಣ.

ಇನ್ನು ನಮ್ಮ ನಾಡಿನ ನಕ್ಷೆ. ಬಳ್ಳಾರಿಗೆ ಬಂದ ಲಂಡನ್ ಮಿಷನ್ ಬಹುಮಟ್ಟಿಗೆ, ಪ್ರತಿ ಊರ ಸಭೆಯೂ ಸ್ವತಂತ್ರ ಎನ್ನುವ ಕಾಂಗ್ರಿಗೇಶನಲ್ ಪಂಥದ್ದು. ಅಲ್ಲಿನ ಜಾನ್ ಹ್ಯಾಂಡ್ಸ್ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಬೆಂಗಳೂರು, ಮೈಸೂರು ಸೀಮೆಗೆ ಬ್ರಿಟಿಷ್ ಮೆಥಡಿಸ್ಟರಾದ ವೆಸ್ಲಿಯನ್ನರು. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್. ಅದರಲ್ಲಿ ವುರ್ಟೆಂಬರ್ಗ್‌ನ ಲೂಥರನರೂ ಸ್ವಿಸ್ ಸುಧಾರಿತರೂ ಒಂದೇ ಸಂಸ್ಥೆಯಲ್ಲಿ ಕಲಿತು ಒಟ್ಟಿಗೆ ಬಂದಿದ್ದರು. ಮಾರ್ಬರ್ಗ್‌ನ ಮೇಜಿನ ಜಗಳವನ್ನು ಅವರು ಹೊತ್ತು ತರಲಿಲ್ಲ ಎಂಬುದು ನನಗೆ ಮೆಚ್ಚುಗೆಯ ಸಂಗತಿ. ಬೀದರ್, ಕೋಲಾರಗಳಿಗೆ ಅಮೆರಿಕದ ಮೆಥಡಿಸ್ಟರು. ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡದಂತೆ ಮಿಷನ್‌ಗಳು ಒಪ್ಪಂದ ಮಾಡಿಕೊಂಡಿದ್ದವು. ಹೀಗಾಗಿ ಒಬ್ಬ ಕನ್ನಡ ಕ್ರೈಸ್ತ ಯಾವ ಪಂಗಡದವನು ಎಂಬುದನ್ನು ಅವನ ಊರು ತೀರ್ಮಾನಿಸಿತು.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ, 1706ರಲ್ಲಿ ಲೂಥರನ್ ಮಿಷನರಿ ಜೀಗೆನ್‌ಬಾಲ್ಗ್ ಬಂದಿಳಿದ ಅದೇ ಊರಿನಲ್ಲಿ, ಕೂಡಿದ ಸಭಾಪಾಲಕರು ಇದನ್ನೇ ಹೇಳಿದರು. ಅವರಲ್ಲಿ ಬಹುಪಾಲು ಭಾರತೀಯರು. ಮುಂದಾಳು ದೋರ್ನಕಲ್‌ನ ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಈ ಒಡಕುಗಳನ್ನು ನಾವು ಮಾಡಿದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದವು ಎಂದರು. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳು 1908ರಲ್ಲೇ ಒಂದಾಗಿದ್ದವು. ಆಂಗ್ಲಿಕನ್ನರು, ಬ್ರಿಟಿಷ್ ಮೆಥಡಿಸ್ಟರು ಸೇರಬೇಕಿತ್ತು. ಇಪ್ಪತ್ತೆಂಟು ವರ್ಷ ಮಾತುಕತೆ ನಡೆಯಿತು. ಜಟಿಲವಾದದ್ದು ತ್ರಿತ್ವವೂ ಅಲ್ಲ, ಕೃಪೆಯೂ ಅಲ್ಲ. ಬಿಷಪನ ಕೈ ಮುಟ್ಟದ ಮೆಥಡಿಸ್ಟ್ ಪಾದ್ರಿ ಆಂಗ್ಲಿಕನ್ ಬಲಿಪೀಠದಲ್ಲಿ ನಿಂತರೆ ಅದು ಊರ್ಜಿತವೇ ಎಂಬುದು. ಕೊನೆಗೆ ಹುಡುಕಿದ ದಾರಿ ಜಾಣತನದ್ದು: ಈಗಿರುವ ಪಾದ್ರಿಗಳನ್ನೆಲ್ಲ ಮತ್ತೆ ಅಭಿಷೇಕಿಸದೆ ಹಾಗೇ ಒಪ್ಪುವುದು, ಮುಂದೆ ಬರುವವರಿಗೆಲ್ಲ ಬಿಷಪರೇ ಕೈಯಿಡುವುದು, ಮೂವತ್ತು ವರ್ಷ ಎರಡೂ ಬಗೆಯವರು ಕೂಡಿ ನಡೆಯುವುದು.

1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದರಾಸಿನ ಸಂತ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು. ಅಜರಯ್ಯ ಅದನ್ನು ನೋಡಲಿಲ್ಲ, 1945ರ ಮೊದಲ ದಿನ ತೀರಿಕೊಂಡಿದ್ದರು. ಬಿಷಪರಿರುವ ಸಭೆಯೂ ಬಿಷಪರಿಲ್ಲದ ಸಭೆಗಳೂ ಹೀಗೆ ಕೂಡಿ ಒಂದಾದದ್ದು ಜಗತ್ತಿನಲ್ಲಿ ಅದೇ ಮೊದಲು. ಇಂಗ್ಲೆಂಡಿನ ಕೆಲವು ಆಂಗ್ಲಿಕನ್ನರು ಕೆಂಡವಾದರು. ಆಂಧ್ರದ ನಂದ್ಯಾಲದ ಕಡೆ ಅನೇಕರು ಹೊರಗುಳಿದರು. ಮಂಗಳೂರಿನ ಬಾಸೆಲ್ ಸಭೆಗಳು, ಬಳ್ಳಾರಿಯ ಲಂಡನ್ ಮಿಷನ್, ಮೈಸೂರಿನ ವೆಸ್ಲಿಯನ್ನರು ಒಳಗೆ ಬಂದರು. ಧಾರವಾಡದ ಕಡೆಯ ಬಾಸೆಲ್ ಸಭೆಗಳು ತಡವಾಗಿ ಸೇರಿದವು. ಬೀದರಿನ ಮೆಥಡಿಸ್ಟರು ಸೇರಲಿಲ್ಲ, ಅವರ ಸಂಬಂಧ ಅಮೆರಿಕದ ಜೊತೆಗಿತ್ತು. ಮೈಸೂರಿನ ಮೆಥಡಿಸ್ಟನೂ ಬೀದರಿನ ಮೆಥಡಿಸ್ಟನೂ ಒಬ್ಬನೇ ವೆಸ್ಲಿಯ ಮಕ್ಕಳು, ನಂಬಿಕೆಯಲ್ಲಿ ಕೂದಲೆಳೆಯ ಭೇದವಿಲ್ಲ, ಆದರೂ ಇವತ್ತು ಅವರು ಬೇರೆ ಬೇರೆ ಸಭೆಯವರು.

ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ಕ್ರೈಸ್ತ ಮಿಷನರಿಗಳು ಎಂಬ ಒಂದೇ ಚೀಲದೊಳಗೆ ಜೆಸ್ಯುಯಿಟರನ್ನೂ ಬಾಸೆಲ್‌ನವರನ್ನೂ ವೆಸ್ಲಿಯನ್ನರನ್ನೂ ತುಂಬುವ ಅಭ್ಯಾಸ ಬೆಳೆದಿದೆ. ಅದನ್ನು ಬಿಡಿ. ಒಂದು ಹಳೆಯ ದಾಖಲೆ ಕೈಗೆ ಸಿಕ್ಕರೆ ಮೂರು ಪ್ರಶ್ನೆ ಕೇಳಿ: ಇದನ್ನು ಬರೆದವನು ಯಾವ ಸಭೆಯವನು, ಅವನನ್ನು ನೇಮಿಸಿದವರು ಯಾರು, ಸಂಬಳ ಎಲ್ಲಿಂದ ಬರುತ್ತಿತ್ತು? ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ. ಊರೂರ ಇಗರ್ಜಿಗಳಲ್ಲಿ ದೀಕ್ಷಾಸ್ನಾನದ, ಮದುವೆಯ ರಿಜಿಸ್ಟರುಗಳಿವೆ. ಅನುಮತಿ ಕೇಳಿ, ಕೂತು ಓದಿ.